ಕಾರಣ ನಮೂದಾಗದ ಭೇದಿ

ಹೊಟ್ಟೆ ಕೆಟ್ಟು ಬಂದವರನ್ನೆಲ್ಲ ಒಂದೇ ಹೆಸರಿನಡಿ ದಬ್ಬಿ ಕೈತೊಳೆದುಕೊಳ್ಳುತ್ತಿದ್ದ ಕಾಲವೊಂದಿತ್ತು. ನೆತ್ತರು ಬಿದ್ದವನಿಗೂ ಭೇದಿ, ನೀರಿನಂತೆ ಹರಿದವನಿಗೂ ಭೇದಿ, ಔಷಧಿ ಒಗ್ಗದವನಿಗೂ ಭೇದಿ. ಕಣ್ಣು ಮುಚ್ಚಿದ ಕೂಸಿನ ಕೇಸ್ ಶೀಟಿನ ಮೇಲೂ ಅದೇ ಎರಡಕ್ಷರ.

ಅಂಥ ಒಂದು ಬೇಸಿಗೆಯಲ್ಲಿ, ಆಗತಾನೆ ಕೆಲಸಕ್ಕೆ ಸೇರಿದ್ದ ಒಬ್ಬ ವೈದ್ಯೆಯೂ, ಪ್ರತಿ ರೋಗಕ್ಕೂ ಅದರ ಕಾರಣಕ್ಕೆ ತಕ್ಕ ಪಟ್ಟಿಯ ಸಂಖ್ಯೆ, ಅಂದರೆ ಕೋಡ್, ಹಾಕುವ ಒಬ್ಬ ಗುಮಾಸ್ತರೂ ಹಳೆಯ ಕೇಸ್ ಶೀಟುಗಳ ರಾಶಿಯನ್ನು ಬಗೆಯಲು ಕುಳಿತರು. ಸರಿಯಾಗಿ ಬರೆಯದ ವೈದ್ಯರ ಬೆನ್ನು ಹತ್ತಿ ಬರೆಸಿದರು. "ಭೇದಿ ಪಂಡಿತರು ಬಂದ್ರು, ಮೂಗು ಮುಚ್ಕೊಳ್ಳಿ" ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದವರ ನಡುವೆಯೇ ಕುಳಿತು, ಗುಮಾಸ್ತರು ಹೊಸದಾಗಿ ಕೈಹಿಡಿದ ಹೆಂಡತಿ ತಂದುಕೊಡುತ್ತಿದ್ದ ಬುತ್ತಿಯನ್ನು ಹಂಚಿಕೊಂಡು ಉಂಡರು.

ಕಾಳು ಬೇರೆ, ಜೊಳ್ಳು ಬೇರೆ ಆದಾಗ ಕಂಡದ್ದಿಷ್ಟೆ: ನೀರಿನಂತೆ ಹರಿದ ಕೂಸುಗಳೆಲ್ಲವೂ ಒಂದೇ ನೀರಿನ ಟ್ಯಾಂಕಿನ ಬೀದಿಗಳವು. ನಗರಸಭೆ ಆ ಟ್ಯಾಂಕಿಗೆ ಬೀಗ ಜಡಿಯಿತು. ಮಕ್ಕಳ ವಾರ್ಡಿನ ತೊಟ್ಟಿಲುಗಳು ಒಂದೊಂದಾಗಿ ಬರಿದಾದವು. ಆ ಬಾರಿ, ಮಕ್ಕಳು ಮನೆಗೆ ಹೋದದ್ದರಿಂದ.

ಆ ವೈದ್ಯೆಯೇ ಈಗ ತಲೆ ನರೆತ ಡಾಕ್ಟರಮ್ಮ. ಆ ಗುಮಾಸ್ತರು ಈಗ ಕೋಡಿಂಗ್ ವಿಭಾಗದ ಮುಖ್ಯಸ್ಥರು. ಡಾಕ್ಟರು ಏನೇ ಗೀಚಲಿ, ಕೊನೆಗೆ ಹಣೆಬರಹ ಬರೆಯುವವರು ಇವರೇ ಎಂದು ಆಸ್ಪತ್ರೆಯೆಲ್ಲ ಅವರನ್ನು 'ಬ್ರಹ್ಮ' ಎಂದೇ ಕರೆಯುವುದು. ಬುತ್ತಿ ತರುತ್ತಿದ್ದ ಹೆಣ್ಣುಮಗಳು ಹಿಂದಿನ ವಾರ ಇದೇ ಆಸ್ಪತ್ರೆಯಲ್ಲಿ ಭೇದಿ ನಿಲ್ಲದೆ ತೀರಿಕೊಂಡಿದ್ದರು.

ಅವರನ್ನು ಕೊಂದದ್ದು ಅವರ ಮಗಳ ಕೈಗಳು ಎಂದು ಸಮಿತಿಯ ವರದಿ ಹೇಳುತ್ತಿತ್ತು.

* * *

ವಾರ್ಡಿನ ಹಿಂಬದಿಯ ತೊಳೆಯುವ ಕೋಣೆಯಲ್ಲಿ ನಲ್ಲಿ ಹರಿಯುತ್ತಲೇ ಇತ್ತು. ನರ್ಸ್ ಬಾಗಿಲಿಗೆ ಬೆನ್ನು ಮಾಡಿ ನಿಂತು ಕೈ ತೊಳೆಯುತ್ತಿದ್ದಳು. ಬೆರಳ ಸಂದು, ಉಗುರಿನ ಅಡಿ, ಮುಂಗೈ. ಮತ್ತೆ ಬೆರಳ ಸಂದು. ಚರ್ಮ ಬಿರಿದು ಕೆಂಪು ಗೆರೆಗಳೆದ್ದಿದ್ದವು.

"ಸಾಕು ಪುಟ್ಟಿ. ನಲ್ಲಿ ನಿಲ್ಲಿಸು," ಎಂದರು ಡಾಕ್ಟರಮ್ಮ.

"ಇದೊಂದು ಸಲ, ದೊಡ್ಡಮ್ಮ."

ಹುಟ್ಟಿದಾಗಿನಿಂದ ಅವಳು ಅವರನ್ನು ಕರೆಯುತ್ತಿದ್ದುದು ಹಾಗೆಯೇ. ಡಾಕ್ಟರಮ್ಮ ತಾವೇ ಕೈಚಾಚಿ ನಲ್ಲಿ ತಿರುಗಿಸಿದರು. ಹಿಂದೆ ನಿಂತಿದ್ದ ಇನ್‌ಸ್ಪೆಕ್ಟರ್ ತನ್ನ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಗೋಡೆ ನೋಡತೊಡಗಿದ. ಈ ನಿರ್ಲಕ್ಷ್ಯದ ದೂರು ಬಂದು ಬಿದ್ದಿದ್ದುದು ಅವನ ಮೇಜಿಗೆ. ಔಷಧ ಶಾಸ್ತ್ರದ ಗಂಧವಿಲ್ಲದ ಅವನು ನೆರವಿಗೆ ಹಿಡಿದದ್ದು ತನ್ನ ಸೋದರತ್ತೆಯಾದ ಡಾಕ್ಟರಮ್ಮನ ಸೆರಗನ್ನು.

ದೂರಿನ ಕಥೆ ಸರಳವಾಗಿತ್ತು. ಪುಟ್ಟಿಯ ಅಮ್ಮನ ಪಕ್ಕದ ಮಂಚದಲ್ಲಿದ್ದ ಮುದುಕಿಗೆ ಹರಡುವ ಕರುಳಿನ ಸೋಂಕು ಇತ್ತು. ಪರೀಕ್ಷೆಯಲ್ಲಿ ಅದು ಖಚಿತವಾಗಿತ್ತು. ಎರಡೂ ಮಂಚಗಳನ್ನು ನೋಡಿಕೊಂಡವಳು ಒಬ್ಬಳೇ ನರ್ಸ್, ಮಗಳು. ಮುದುಕಿ ಬದುಕಿದಳು, ಅಮ್ಮ ಸತ್ತಳು. ಎರಡೂ ಕೇಸ್ ಶೀಟುಗಳ ಮೇಲೆ ಸೋಂಕಿನ ಭೇದಿಯ ಕೋಡ್ ಬಿದ್ದಿತ್ತು. ಸೋಂಕು ತಡೆ ಸಮಿತಿ ಎರಡು ಚುಕ್ಕಿಗಳ ನಡುವೆ ಗೆರೆ ಎಳೆಯಿತು. ಗೆರೆ ಮಗಳ ಕೈಗಳ ಮೂಲಕ ಹಾದುಹೋಯಿತು. ನಾಳೆ ಬೆಳಿಗ್ಗೆ ವರದಿಗೆ ಸಹಿ ಬಿದ್ದರೆ ಅವಳು ನರ್ಸ್ ಆಗಿ ಉಳಿಯುವುದಿಲ್ಲ. ಅದರ ಮೇಲೆ ಜೈಲು.

"ಸಮಿತಿಗೆ ನೀನೇ ತಪ್ಪೊಪ್ಪಿಗೆ ಬರೆದುಕೊಟ್ಟಿದ್ದೀಯಂತೆ?"

"ಹೌದು. ಇನ್ಯಾರ ಕೈ ಇರತ್ತೆ ದೊಡ್ಡಮ್ಮ? ತಿನ್ನಿಸಿದ್ದು ನಾನು. ಒರೆಸಿದ್ದು ನಾನು. ಬೇರೆ ವಾರ್ಡಿಗೆ ಹಾಕಿ ಅಂದ್ರೆ, ಜನ ಇಲ್ಲ ಅಂದ್ರು. ಹೋಗ್ಲಿ ಬಿಡು, ಅಮ್ಮನ ಹತ್ರಾನೇ ಇರ್ತೀನಲ್ಲ ಅಂತ ಖುಷಿಯಾಗಿತ್ತು." ಅವಳು ತನ್ನ ಕೈಗಳನ್ನು ದಿಟ್ಟಿಸಿದಳು. "ಖುಷಿಯಾಗಿತ್ತು."

"ಪ್ರತಿ ಸಲ ಕೈ ತೊಳ್ಕೊಂಡಿದ್ದೆ ತಾನೆ?"

"ತೊಳ್ಕೊಂಡಿದ್ದೆ ಅಂತ್ಲೇ ಅನ್ಸತ್ತೆ. ಈಗ ಯಾವುದೂ ಗಟ್ಟಿಯಾಗಿ ಹೇಳೋಕೆ ಆಗ್ತಿಲ್ಲ."

ಡಾಕ್ಟರಮ್ಮ ಪಕ್ಕದಲ್ಲಿದ್ದ ಒಗೆದ ಬಟ್ಟೆಯ ಗಂಟಿನ ಮೇಲೆ ಕುಳಿತು, ಅವಳನ್ನೂ ಕೂರಿಸಿಕೊಂಡರು. ಕೇಸ್ ಶೀಟಿನಲ್ಲಿ ಇದ್ದುದೆಲ್ಲವೂ ಅವರಿಗೆ ಬಾಯಿಪಾಠವಾಗಿತ್ತು. ಬೇಕಾಗಿದ್ದುದು ಅದರಲ್ಲಿ ಇಲ್ಲದ್ದು.

"ಕಾಯಿಲೆ ಬಿಡು. ಅಮ್ಮ ಹೇಗಿದ್ಲು ಹೇಳು. ಕೊನೆಕೊನೆಗೆ."

"ಹೇಗಿರ್ತಾಳೆ. ನನಗೇ ಬುದ್ಧಿ ಹೇಳ್ತಿದ್ಲು, ಊಟ ಮಾಡ್ದ್ಯಾ ಅಂತ. ಮಂಚದ ಮೇಲಿಂದ ಏಳೋಕಾಗಲ್ಲ, ನನ್ನ ಯೂನಿಫಾರ್ಮ್ ಇಸ್ತ್ರಿ ಸರಿಯಿಲ್ಲ ಅಂತ ಬೈಗುಳ." ಒಂದು ನಗೆ ಬಂದು, ಅರ್ಧದಲ್ಲೇ ಮುರಿಯಿತು. "ತಲೆ ಬಾಚು ಅಂತಿದ್ಲು ಸಂಜೆ ಹೊತ್ತು. ಯಾರಾದ್ರೂ ಬಂದ್ರೆ ಚೆನ್ನಾಗಿರಲ್ಲ ಅಂತ. ಕೊನೆಗೆ ನಾನೇ ಬಾಚೋದು ಬಿಟ್ಟೆ."

"ಯಾಕೆ?"

"ಬಾಚಣಿಗೆ ಇಟ್ರೆ ಸಾಕು, ಕೂದಲು ಹಿಡಿಹಿಡಿ ಬರ್ತಿತ್ತು ದೊಡ್ಡಮ್ಮ. ದಿಂಬಿನ ತುಂಬಾ ಕೂದ್ಲು. ಅಮ್ಮ ನೋಡಬಾರ್ದು ಅಂತ ಅವಳು ಕಣ್ಣು ಮುಚ್ಚಿದಾಗ ದಿಂಬಿನ ಚೀಲ ಬದಲಾಯಿಸ್ತಿದ್ದೆ. ಅಷ್ಟು ದಪ್ಪ ಜಡೆ ಅವಳದ್ದು, ನಿಮಗೆ ಗೊತ್ತಲ್ಲ."

ಡಾಕ್ಟರಮ್ಮ ಅವಳ ಕಡೆಗೆ ಪೂರ್ತಿ ತಿರುಗಿ ಕುಳಿತರು.

"ಇದನ್ನ ಯಾರಿಗಾದ್ರೂ ಹೇಳಿದ್ಯಾ?"

"ಹೊಟ್ಟೆ ಕಾಯಿಲೆಯ ಶೀಟಲ್ಲಿ ಕೂದಲಿಗೆ ಎಲ್ಲಿದೆ ಜಾಗ? ಎಷ್ಟು ಸಲ ಹೋಯ್ತು, ಎಷ್ಟು ನೀರು ಕುಡಿದ್ರು, ಅಷ್ಟೇ."

"ಪುಟ್ಟಿ, ನೇರವಾಗಿ ಕೇಳ್ತೀನಿ. ವಾರ್ಡಿನ ಔಷಧಿ ಬಿಟ್ಟು ನೀನು ಅಮ್ಮನಿಗೆ ಬೇರೆ ಏನಾದ್ರೂ ಕೊಟ್ಯಾ?"

ಉತ್ತರ ತಕ್ಷಣ ಬಂತು. "ನಾನು ಏನೂ ಕೊಟ್ಟಿಲ್ಲ."

'ನಾನು' ಎಂಬುದರ ಮೇಲೆ ಧ್ವನಿ ಒಂದಿಷ್ಟು ಹೆಚ್ಚಾಗಿಯೇ ಊರಿತ್ತು. ಮುಂದಿನ ಮಾತಿಗೆಂದು ತೆರೆದ ತುಟಿಗಳನ್ನು ಅವಳು ಮುಚ್ಚಿಕೊಂಡಳು. ಮತ್ತೆ ಎದ್ದು ನಲ್ಲಿಯ ಬಳಿ ಹೋದಳು.

* * *

"ಕೂದಲಲ್ಲಿ ಏನಿದೆ ಅತ್ತೆ?" ಎಂದ ಇನ್‌ಸ್ಪೆಕ್ಟರ್, ನೆಲಮಾಳಿಗೆಯ ಮೆಟ್ಟಿಲಿಳಿಯುತ್ತ. "ನನ್ನದೂ ಉದುರ್ತಿದೆ. ನಾನೇನು ವಿಷ ಕುಡಿದಿದ್ದೀನಾ?"

"ನಿನ್ನದು ನಿಮ್ಮಪ್ಪ ಕೊಟ್ಟ ಆಸ್ತಿ. ಸುಮ್ನೆ ಬಾ."

ಎರಡು ಮೆಟ್ಟಿಲು ಇಳಿದು ಅವರೇ ನಿಂತರು. "ಸೋಂಕಿನಿಂದ ಭೇದಿಯಾದ್ರೆ ಸಾಮಾನ್ಯವಾಗಿ ರಕ್ತದ ಬಿಳಿ ಕಣಗಳು ಏರ್ತವೆ. ಇವಳ ಅಮ್ಮನಿಗೆ ಪಾತಾಳಕ್ಕೆ ಇಳಿದಿದ್ವು. ಬೆಳಿಗ್ಗೆಯಿಂದ ಅದೊಂದು ನನ್ನ ತಲೇಲಿ ಕೊರೀತಿತ್ತು. ಈಗ ಕೂದಲು. ಎರಡನ್ನೂ ಒಟ್ಟಿಗೆ ಮಾಡೋ ಔಷಧಿ ಕೆಲವು ಇವೆ. ಮೈಯೊಳಗೆ ಬೆಳೆಯೋ ಕಣವನ್ನೆಲ್ಲ ತಡೆದು ನಿಲ್ಲಿಸ್ತವೆ. ಮೊದಲು ಕೆಡೋದು ಹೊಟ್ಟೆ."

"ಅಂದ್ರೆ ಸೋಂಕಲ್ಲ! ಹಾಗಿದ್ರೆ ಡಾಕ್ಟರು ಸೋಂಕು ಅಂತ ಯಾಕೆ ಬರೆದ್ರು?"

"ಬರೆದಿಲ್ಲ ಕಣೋ. ಅದೇ ತಮಾಷೆ. ಆ ವಾರ್ಡಿನ ಹುಡುಗ ಡಾಕ್ಟರು ಮೊದಲು ಬರೆದದ್ದು ಬರೀ 'ಭೇದಿ' ಅಂತ. ಕಾರಣ ಗೊತ್ತಿರಲಿಲ್ಲ, ಬರೆದಿರಲಿಲ್ಲ. ಪ್ರಾಮಾಣಿಕ ಹುಡುಗ. ಕೋಡಿಂಗ್‌ನೋರು ಕಾರಣ ಕೇಳಿ ವಾಪಸ್ ಕಳಿಸಿದ್ರು. ಅವನು 'ಸೋಂಕು ಇರಬಹುದು' ಅಂತ ಸೇರಿಸಿದ."

"ಇರಬಹುದು ಅಂದ್ರೆ ಇಲ್ಲದೆಯೂ ಇರಬಹುದು."

"ನಿನ್ನ ಕೋರ್ಟಲ್ಲಿ. ಇಲ್ಲಿ ನಿಯಮ ಬೇರೆ. ಹೊರಗಿಂದ ಬಂದು ತೋರಿಸ್ಕೊಂಡು ಹೋದವನಿಗೆ 'ಇರಬಹುದು' ಅಂತ ಬರೆದ್ರೆ ಅದನ್ನ ಲೆಕ್ಕಕ್ಕೆ ತಗೊಳ್ಳಲ್ಲ. ಬರೀ ಭೇದಿ ಅಂತ್ಲೇ ಕೋಡ್. ಆದ್ರೆ ವಾರ್ಡಿನಲ್ಲಿ ಮಲಗಿದ್ದೋರಿಗೆ ಕೊನೇ ಸಾರಾಂಶದಲ್ಲಿ 'ಇರಬಹುದು' ಅಂತ ಬರೆದ್ರೆ, ಇದೆ ಅಂತ್ಲೇ ಕೋಡ್. ಆ ಅನುಮಾನ ಇಟ್ಕೊಂಡೇ ಆರೈಕೆ ಮಾಡಿರ್ತಾರಲ್ಲ, ಅದರ ಲೆಕ್ಕ ಸಿಗಲಿ ಅಂತ ಮಾಡಿದ ನಿಯಮ. ಯಾರನ್ನೋ ಜೈಲಿಗೆ ಕಳಿಸಲಿ ಅಂತ ಅಲ್ಲ."

"ಸಮಿತಿಯೋರಿಗೆ ಇದು ಗೊತ್ತಿಲ್ವಾ?"

"ಅವರು ನೋಡೋದು ಪರದೆ ಮೇಲೆ ಬರೋ ಕೋಡ್. ಅದರ ಹಿಂದೆ ಎಷ್ಟು ಅನುಮಾನ ಇತ್ತು ಅಂತ ಪರದೆ ಹೇಳಲ್ಲ."

ಇನ್‌ಸ್ಪೆಕ್ಟರ್ ತಲೆ ತುರಿಸಿಕೊಂಡ. "ಕೊಲೆಗೇ ನಮ್ಮಲ್ಲಿ ಇಷ್ಟು ಸೆಕ್ಷನ್ ಇಲ್ಲ ಅತ್ತೆ. ಭೇದಿಗೆ ಇಷ್ಟಾ!"

"ಹಿಂದೆ ಒಂದೇ ಇತ್ತು. ಬೇರೆ ಬೇರೆ ಮಾಡಿ ಬರೀಬೇಕು ಅಂತ ಊರಿಡೀ ಜಗಳ ಆಡಿದೋರು ನಾವಿಬ್ಬರು," ಎಂದರು ಡಾಕ್ಟರಮ್ಮ. ಕೆಳಗಿನ ಬಾಗಿಲ ಹಿಡಿ ಮುಟ್ಟಿದ ಅವರ ಕೈ ಅದನ್ನು ತಿರುಗಿಸದೆ ಹಾಗೆಯೇ ಉಳಿಯಿತು. "ಆ ಇನ್ನೊಬ್ಬರನ್ನ ಈಗ ನಾನು ಪ್ರಶ್ನೆ ಕೇಳ್ಬೇಕು. ಮಧ್ಯೆ ಬಾಯಿ ಹಾಕ್ಬೇಡ."

* * *

ಕೋಡಿಂಗ್ ಕೋಣೆಗೆ ಕಿಟಕಿಯಿಲ್ಲ. ಸಾಲು ಮೇಜುಗಳ ಮೇಲೆ ಜೋಡಿ ಪರದೆಗಳು. ಗೋಡೆಯುದ್ದಕ್ಕೂ ಸೊಂಟದೆತ್ತರ ಪೇರಿಸಿದ ಕೇಸ್ ಶೀಟುಗಳು. ಕೊನೆಯ ಮೇಜಿನಲ್ಲಿ ಬ್ರಹ್ಮ, ಊದಿದ ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದರು. ಹೆಬ್ಬೆರಳಿಗೆ ತಾಗದಂತೆ ಚಪ್ಪಲಿಯ ಪಟ್ಟಿಯನ್ನು ಕತ್ತರಿಸಿದ್ದರು.

"ಬನ್ನಿ ಡಾಕ್ಟ್ರೇ. ಅಳಿಯನನ್ನೂ ಕರ್ಕೊಂಡು ಬಂದ್ರಾ." ಅವರು ತಮ್ಮ ಹುಡುಗ ಹುಡುಗಿಯರ ಕಡೆ ನೋಡಿದರು. "ನೀವೆಲ್ಲ ಊಟಕ್ಕೆ ಹೋಗಿ. ಪೊಲೀಸ್ ಬಂದ್ರೆ ನಿಮ್ಮ ಕೈ ನಡುಗಿ, ಮುರಿದ ಕಾಲಿಗೆ ಹೆರಿಗೆ ಕೋಡ್ ಹಾಕ್ತೀರ."

ಕೋಣೆ ಖಾಲಿಯಾಯಿತು. ಡಾಕ್ಟರಮ್ಮ ಕುರ್ಚಿ ಎಳೆದು ಅವರೆದುರು ಕುಳಿತರು.

"ಬ್ರಹ್ಮಣ್ಣ, ಸ್ವಂತದವರ ಕೇಸ್ ಶೀಟ್ ಮುಟ್ಟಬಾರದು ಅಂತ ಬಾಗಿಲ ಮೇಲೆ ಬೋರ್ಡ್ ಹಾಕ್ಸಿದೋರು ಯಾರು?"

"ನಾನೇ."

"ಅತ್ತಿಗೆಯ ಕೇಸ್ ಶೀಟಿಗೆ ಕೋಡ್ ಹಾಕಿದೋರು?"

"ನಾನೇ." ಬ್ರಹ್ಮ ಪರದೆಯ ಕಡೆ ತಿರುಗಿದರು. "ಅವಳದು ಕೊನೇ ಕೆಲಸ ಡಾಕ್ಟ್ರೇ. ಇನ್ನೊಬ್ಬರ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ."

"ಅದನ್ನ ಒಪ್ತೀನಿ. ಆದ್ರೆ ಆ ಹುಡುಗ ಡಾಕ್ಟರಿಗೆ ನೀವು ಕಳಿಸಿದ ಪ್ರಶ್ನೆ ಇದೆಯಲ್ಲ, 'ಸೋಂಕಿನಿಂದ ಎಂದು ಪರಿಗಣಿಸಬಹುದೇ?' ಅಂತ. ಹೋದ ವರ್ಷ ಇಂಥದ್ದೇ ಪ್ರಶ್ನೆ ಬರೆದ ನಿಮ್ಮ ಹುಡುಗಿಯೊಬ್ಬಳು ಅಳ್ತಾ ನನ್ನ ಹತ್ರ ಬಂದಿದ್ಲು. ಅವಳಿಗೆ ಏನಂದಿದ್ರಿ?"

"ಬಾಯಲ್ಲಿ ತುತ್ತಿಟ್ಟು, ಹಸಿವಾ ಅಂತ ಕೇಳಬಾರದು ಅಂದಿದ್ದೆ."

"ಮತ್ತೆ ಹೇಗೆ ಕೇಳ್ಬೇಕು?"

"ಸೋಂಕೋ, ಔಷಧಿಯೋ, ಬೇರೆ ಏನಾದರೂ ಕಾರಣವೋ, ಹೇಳೋಕಾಗಲ್ವೋ. ಎಲ್ಲಾ ಬಾಗಿಲೂ ತೆರೆದಿಟ್ಟು ಕೇಳ್ಬೇಕು."

"ನೀವು ಒಂದೇ ಬಾಗಿಲು ತೆರೆದಿಟ್ರಿ. ಆ ಹುಡುಗ ಪಾಪ, ಬ್ರಹ್ಮನೇ ಕೇಳ್ತಿದ್ದಾರೆ ಅಂದ್ಮೇಲೆ ಇರಬಹುದು ಅಂತ ಅದರೊಳಗೆ ನಡೆದ. ಆಮೇಲೆ ಮಲಪರೀಕ್ಷೆಯಲ್ಲಿ ಸೋಂಕಿಲ್ಲ ಅಂತ ಬಂತು. ನೋಡಿದ್ರಿ ತಾನೆ?"

"ಲ್ಯಾಬ್ ವರದಿ ನೋಡಿ ನಾವು ಕೋಡ್ ಹಾಕೋ ಹಾಗಿಲ್ಲ. ಡಾಕ್ಟರು ತಮ್ಮ ಮಾತಲ್ಲಿ ಬರೀಬೇಕು."

"ಬರೀದಿದ್ರೆ ಕೇಳ್ಬೇಕು. ಒಂದು ಅಲ್ಪವಿರಾಮ ತಪ್ಪಿದ್ರೂ ಕೇಳಿ ಕಳಿಸೋರು ನೀವು. ಪಕ್ಕದ ಮಂಚದ ಮುದುಕಿಯ ವಯಸ್ಸಿನ ಬಗ್ಗೆ ಎರಡು ಸಲ ಕೇಳಿದ್ದೀರ. ಹೆಂಡತಿಯ ಸಾವಿಗೆ ಬರೆದ ಕಾರಣ ತಪ್ಪು ಅಂತ ಲ್ಯಾಬ್ ವರದಿ ಬಂದು ಬಿದ್ದಿದೆ, ಒಂದು ಮಾತೂ ಕೇಳ್ಲಿಲ್ಲ."

ಫ್ಯಾನಿನ ಗಾಳಿಗೆ ಮೇಜಿನ ಮೇಲಿನ ಹಾಳೆಯೊಂದು ಏಳುತ್ತಿತ್ತು, ಬೀಳುತ್ತಿತ್ತು. ಬ್ರಹ್ಮ ಅದನ್ನು ಅಂಗೈಯಿಂದ ಅದುಮಿ ಹಿಡಿದರು.

"ಅವಳ ಕೂದಲು ಉದುರ್ತಿತ್ತು," ಎಂದರು ಡಾಕ್ಟರಮ್ಮ, ಸ್ವರ ತಗ್ಗಿಸಿ.

ಅಂಗೈ ಬಿಗಿಯಿತು. ಹಾಳೆ ಮುದುಡಿತು.

"ನಿಮ್ಮ ಕಾಲಿನ ಈ ಕೀಲುಬಾವಿಗೆ, ಗೌಟಿಗೆ, ಮಾತ್ರೆ ಬರೆದುಕೊಟ್ಟೋಳು ನಾನು, ಬ್ರಹ್ಮಣ್ಣ. ಕೊಡುವಾಗ ಏನು ಹೇಳಿದ್ದೆ? ಇದು ಹೆಚ್ಚಾದ್ರೆ ಮೊದಲು ಹೊಟ್ಟೆ ಕಳಚ್ಕೊಳ್ಳತ್ತೆ, ಹುಷಾರು ಅಂದಿದ್ದೆ. ಅದರ ಮುಂದಿನದ್ದನ್ನ ಹೇಳಿ ಹೆದರಿಸೋದು ಬೇಡ ಅಂತ ಬಿಟ್ಟಿದ್ದೆ. ಅತ್ತಿಗೆಯ ಮೂತ್ರಪಿಂಡ ಮೊದಲೇ ಸೋತಿತ್ತು. ನಿಮಗೆ ತಡೆಯೋ ಅಳತೆಯೇ ಅವಳ ಮೈಯಲ್ಲಿ ಸೇರ್ತಾ ಸೇರ್ತಾ ವಿಷ ಆಗತ್ತೆ."

ಬ್ರಹ್ಮ ಮೇಜಿನ ಖಾನೆ ಎಳೆದು ಹೆಂಗಸರ ಕನ್ನಡಕದ ಗೂಡೊಂದನ್ನು ತೆಗೆದು ಮುಂದಿಟ್ಟರು. ಒಳಗೆ ಕನ್ನಡಕವಿರಲಿಲ್ಲ. ಮಾತ್ರೆಯೆಲ್ಲ ಮುಗಿದ ತಗಡು ಹಾಳೆಗಳು, ಸದ್ದು ಮಾಡದಿರಲೆಂದು ಕರವಸ್ತ್ರದಲ್ಲಿ ಸುತ್ತಿದ್ದವು.

"ಅವಳ ಸಾಮಾನು ಮನೆಗೆ ತಂದಾಗ ಸಿಕ್ತು. ನನ್ನ ಮಾತ್ರೇನೇ. ಡಬ್ಬಿ ತೆಗೆದು ನೋಡಿದೆ. ಅರ್ಧಕ್ಕರ್ಧ ಇಲ್ಲ. ಕಾಲುನೋವು ಬಂದಾಗ ಮಾತ್ರ ತೆಗೆಯೋ ಡಬ್ಬಿ, ನಾನು ಎಲ್ಲಿ ಗಮನಿಸ್ತೀನಿ."

"ಸಿಕ್ಕಿದ ಮೇಲೆ ಕೋಡ್ ಹಾಕಿದ್ರಾ, ಸಿಗೋಕೆ ಮುಂಚೇನಾ?"

"ಸಿಕ್ಕಿದ ಮೇಲೆ."

ಬಾಯಿ ಹಾಕಬೇಡವೆಂದಿದ್ದರೂ ಇನ್‌ಸ್ಪೆಕ್ಟರಿಗೆ ತಡೆಯಲಾಗಲಿಲ್ಲ. "ಔಷಧಿಯಿಂದ ಆದ ಭೇದಿ ಅಂತ ಬರೆಸಿದ್ರೆ ಆಗ್ತಿತ್ತಲ್ಲ ಸಾರ್? ಯಾರ ತಲೆಗೂ ಬರ್ತಿರಲಿಲ್ಲ."

ಬ್ರಹ್ಮ ಅವನನ್ನು ಕರುಣೆಯಿಂದ ನೋಡಿದರು. ದಡ್ಡ ಶಿಷ್ಯನನ್ನು ನೋಡುವಂತೆ.

"ಡಾಕ್ಟರು ನಿಂಗೆ ಬರೆದುಕೊಟ್ಟ ಮಾತ್ರೆಯನ್ನ ನೀನೇ ಸರಿಯಾಗಿ ತಗೊಂಡು ನಿಂಗೆ ಒಗ್ಗದೆ ಹೋದ್ರೆ, ಅದು ಔಷಧಿಯ ಅಡ್ಡ ಪರಿಣಾಮ. ಇನ್ನೊಬ್ಬರಿಗೆ ಬರೆದ ಮಾತ್ರೆ ನೀನು ನುಂಗಿದ್ರೆ, ಅದಕ್ಕೆ ಕೋಡ್ ಬೇರೆ. ಅದಕ್ಕೆ ವಿಷಪ್ರಾಶನ ಅಂತ ಹೆಸರು. ತಿಳಿದು ತಿಂದರೂ ಅದೇ, ತಿಳೀದೆ ತಿಂದರೂ ಅದೇ. ನಲವತ್ತು ಹುಡುಗರಿಗೆ ಪಾಠ ಹೇಳಿದ್ದೀನಿ ಇದನ್ನ." ಅವರ ಸ್ವರ ಒಡೆಯಿತು. "ಅವಳ ಹೆಸರಿನ ಮುಂದೆ ಆ ಪದ ಬರಲಿ ಅಂತ ನಾನು ಯಾರನ್ನ ಕೇಳ್ಲಿ? ಕೇಳಿದ್ರೆ ಅಲ್ಲಿಗೇ ನಿಲ್ಲಲ್ಲ ಅಪ್ಪಾ. ಅದರ ಕೆಳಗೆ ಇನ್ನೊಂದು ಪ್ರಶ್ನೆ ಇದೆ. ಹೇಗಾಯ್ತು? ಅಕಸ್ಮಾತ್ತಾಗಿಯೋ, ತಾನೇ ತಗೊಂಡದ್ದೋ, ಬೇರೆಯವರು ಕೊಟ್ಟದ್ದೋ."

"ಯಾವುದು ಬರೀತಿದ್ರಿ?" ಎಂದು ಕೇಳಿದರು ಡಾಕ್ಟರಮ್ಮ.

ಬ್ರಹ್ಮ ಮುದುಡಿದ ಹಾಳೆಯನ್ನು ಮೇಜಿನ ಮೇಲೆ ನೇರ ಮಾಡತೊಡಗಿದರು.

"ಯಾವುದು ನಿಜ, ಬ್ರಹ್ಮಣ್ಣ?"

"ನಾನು ಕೊಟ್ಟಿದ್ರೆ ಬರೆದುಬಿಡ್ತಿದ್ದೆ ಡಾಕ್ಟ್ರೇ," ಎಂದರು ಬ್ರಹ್ಮ. "ಒಂದು ಗಳಿಗೆ ಯೋಚನೆ ಮಾಡ್ತಿರಲಿಲ್ಲ. ನನ್ನ ಹೆಸರು ಬರೆದು, ನೆಟ್ಟಗೆ ಹೋಗಿ ನಿಮ್ಮ ಅಳಿಯನ ಮುಂದೆ ಕೂತ್ಕೋತಿದ್ದೆ. ಅವಳೇ ಇಲ್ಲದ ಮನೆ. ಒಳಗಿದ್ರೇನು, ಹೊರಗಿದ್ರೇನು."

ಡಾಕ್ಟರಮ್ಮನಿಗೆ ಅರ್ಥವಾಯಿತು. ಆಗಬಾರದಿತ್ತೆಂದು ಅನ್ನಿಸಿತು. ಆ ಮನೆಯಲ್ಲಿ ಡಬ್ಬಿಗೆ ಕೈಹಾಕಬಲ್ಲವರು ಮೂವರೇ. ಒಬ್ಬರು ಸತ್ತಿದ್ದರು, ಒಬ್ಬರು ಎದುರಿಗೆ ಕುಳಿತಿದ್ದರು.

"ಪುಟ್ಟಿಯಾ?" ಎಂದರು, ಉಸಿರಿನಲ್ಲಿ.

"ವಾರ್ಡಿಗೆ ಬಂದ ಮೇಲೆ ಒಂದು ದಿನ ನಾನು ಹೋದಾಗ ಏನೋ ನುಂಗ್ತಿದ್ಲು. ನನ್ನ ಕಂಡು ನೀರು ಕುಡಿದ್ಲು. ಏನೇ ಅದು ಅಂದೆ. ಮಂಡಿನೋವಿಗೆ, ಪುಟ್ಟಿ ಕೊಡ್ತಾಳೆ ಅಂದ್ಲು. ಮಗಳು ನರ್ಸು, ತಿಳಿದೋಳು, ಕೊಡ್ತಾಳೆ ಅಂದ್ಮೇಲೆ ನಾನು ಯಾಕೆ ಕೇಳ್ಲಿ? ಹೆಮ್ಮೆ ಆಯ್ತು ಡಾಕ್ಟ್ರೇ. ಹೆಮ್ಮೆ ಆಯ್ತು ನನಗೆ."

ಅವರು ಕನ್ನಡಕದ ಗೂಡನ್ನು ಮುಚ್ಚಿದರು, ಮತ್ತೆ ತೆರೆದರು.

"ಅಮ್ಮ ನೋವು ಅಂತ ಅತ್ತಿರ್ತಾಳೆ, ಮಗಳ ಕರುಳು ಕರಗಿರತ್ತೆ. ಅಪ್ಪನ ಕಾಲಿಗೆ ಆದದ್ದು ಅಮ್ಮನ ಮಂಡಿಗೂ ಆಗಲಿ ಅಂತ ಕೊಟ್ಟಿರ್ತಾಳೆ. ಆದ್ರೆ ನರ್ಸೊಬ್ಬಳು ಯಾರೂ ಬರೆಯದ ಮಾತ್ರೆ ಕೊಟ್ಟು ರೋಗಿ ಸತ್ರೆ, ಅದನ್ನ ಕರುಳು ಅಂತ ಯಾವ ಕೋರ್ಟು ಕರೆಯತ್ತೆ? ಅದಕ್ಕೇ ಸೋಂಕು ಅಂತ ಬರೆಸಿದೆ. ಸೋಂಕಿಗೆ ಅಪ್ಪ ಅಮ್ಮ ಇರಲ್ಲ ಅಂದ್ಕೊಂಡೆ. ಯಾರ ಮೇಲೂ ಬರಲ್ಲ ಅಂದ್ಕೊಂಡೆ."

"ಪಕ್ಕದ ಮಂಚ ನೋಡ್ಲಿಲ್ಲ ನೀವು."

"ನೋಡ್ಲಿಲ್ಲ." ಬ್ರಹ್ಮ ತಮ್ಮ ಹಣೆಗೆ ಮುಷ್ಟಿಯಿಂದ ಮೆಲ್ಲಗೆ ಬಡಿದುಕೊಂಡರು. "ಇಡೀ ಆಸ್ಪತ್ರೆಗೆ ಬರೆದೆ. ನನ್ನ ಮಗಳದ್ದನ್ನ ಬರೆಯುವಾಗ ಪಕ್ಕದ ಮಂಚ ನೋಡ್ಲಿಲ್ಲ."

ಇನ್‌ಸ್ಪೆಕ್ಟರ್ ಈ ಬಾರಿ ಮೆತ್ತಗೆ ಕೇಳಿದ. "ಸಮಿತಿ ಅವಳನ್ನ ಹಿಡಿದಾಗಲಾದ್ರೂ ಹೇಳಬಹುದಿತ್ತಲ್ಲ ಸಾರ್."

"ಏನಂತ? ಕೈ ತೊಳೀಲಿಲ್ಲ ಅಂದ್ರೆ ಕೆಲಸ ಹೋಗತ್ತೆ, ಒಂದಷ್ಟು ಕಾಲ ಜೈಲು. ವಿಷ ಕೊಟ್ಲು ಅಂದ್ರೆ? ಎರಡರಲ್ಲಿ ಸಣ್ಣದನ್ನ ಆರಿಸಿದೆ. ಅಪ್ಪ ಅಂದ್ಮೇಲೆ ಅಷ್ಟಾದ್ರೂ ಮಾಡ್ಬೇಡ್ವಾ?"

"ಸಣ್ಣದು!" ಡಾಕ್ಟರಮ್ಮ ಎದ್ದು ನಿಂತರು. "ಮೇಲೆ ಬಂದು ಅವಳ ಕೈ ನೋಡಿ ಒಂದು ಸಲ. ಚರ್ಮ ಕಿತ್ತು ಬರೋ ಹಾಗೆ ಉಜ್ಜುತಾ ನಿಂತಿದ್ದಾಳೆ, ಅಮ್ಮನ್ನ ಕೊಂದ ಕೈ ಅಂತ. ಅವಳು ತನ್ನ ಕೈಯಾರೆ ಮಾತ್ರೆ ಕೊಟ್ಟಿದ್ರೆ, ಭೇದಿ ನಿಲ್ಲದೆ ಅಮ್ಮ ಕರಗ್ತಿದ್ದಾಗ, ಓದಿದ ಹುಡುಗಿ, ಒಂದು ಸಲವಾದ್ರೂ ಆ ಮಾತ್ರೆ ನೆನಪಾಗ್ತಿರಲಿಲ್ವಾ? ನಾನು ಬಾಯಿಬಿಟ್ಟು ಕೇಳ್ದೆ ಬ್ರಹ್ಮಣ್ಣ. 'ನಾನು ಏನೂ ಕೊಟ್ಟಿಲ್ಲ' ಅಂದ್ಲು."

"ಅವಳು ಹಾಗಂದ್ಲಾ?"

"ಹಾಗಂದೆ, ಅಪ್ಪ."

ಮೂವರೂ ತಿರುಗಿದರು.

ಬಾಗಿಲಲ್ಲಿ ನರ್ಸ್ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ ತಿಳಿಯಲಿಲ್ಲ. ಅವಳ ಕಣ್ಣು ಅಪ್ಪನ ಮೇಲಿರಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಕನ್ನಡಕದ ಗೂಡಿನ ಮೇಲಿತ್ತು.

"ಪುಟ್ಟಿ, ನೀನು ಇಲ್ಲಿಗೆ ಬರಬಾರದಿತ್ತು," ಎಂದು ಬ್ರಹ್ಮ ಏಳಲು ಹೋದರು. ಊದಿದ ಕಾಲು ನೆಲಕ್ಕೆ ತಾಗಿ, ನೋವಿಗೆ ಮೇಜನ್ನು ಹಿಡಿದುಕೊಂಡರು.

"ಆ ಮಾತ್ರೆ ನುಂಗೋದನ್ನ ನಾನೂ ನೋಡಿದ್ದೆ," ಎಂದಳು ಅವಳು. "ಏನಮ್ಮಾ ಅದು ಅಂತ ಕೇಳಿದ್ದೆ. 'ನಿಮ್ಮಪ್ಪ ದೊಡ್ಡ ಡಾಕ್ಟರನ್ನ ಕೇಳಿ ತಂದ್ಕೊಟ್ಟಿದಾರೆ. ವಾರ್ಡಲ್ಲಿ ಬಾಯಿಬಿಡಬೇಡ, ಅವರಿಗೆ ತೊಂದರೆ ಆಗತ್ತೆ' ಅಂದ್ಲು."

"ನಾನಾ?" ಎಂದರು ಬ್ರಹ್ಮ.

"ಅವಳು ಹೋದ್ಮೇಲೆ ಬೆಳಗಾಗೋವರೆಗೂ ಯೋಚನೆ ಮಾಡಿದೆ, ಆ ಮಾತ್ರೆಯಿಂದಾನೇ ಆಯ್ತಾ ಅಂತ. ಆದ್ರೆ ಸೋಂಕು ಅಂತ ಕೋಡ್ ಬಂತಲ್ಲ. ಹಾಕಿದೋನು ನೀನು. ನೀನು ತಪ್ಪು ಕೋಡ್ ಹಾಕಲ್ಲ ಅಂತ ನಾನು ಚಿಕ್ಕಂದಿನಿಂದ ಕೇಳ್ಕೊಂಡು ಬೆಳೆದೋಳು. ಹಾಗಿದ್ರೆ ಅಪ್ಪನ ಮಾತ್ರೆ ಅಲ್ಲ, ನನ್ನ ಕೈಯೇ ಅಂತ ನಂಬಿದೆ." ಅವಳು ಉಸಿರೆಳೆದುಕೊಂಡಳು. "ಬರ್ಕೊಡುವಾಗ ಒಂದು ಸಮಾಧಾನ ಇತ್ತು. ಸದ್ಯ, ಅಪ್ಪ ಅಲ್ಲ ಅಂತ."

ಹೇಳಿಕೆ ಬರೆದುಕೊಳ್ಳುತ್ತಿದ್ದ ಇನ್‌ಸ್ಪೆಕ್ಟರನ ಪೆನ್ನು ನಿಂತಿತ್ತು. ಡಾಕ್ಟರಮ್ಮ ಅತ್ತಿತ್ತ ನೋಡಿದರು: ಇತ್ತ ಅಪ್ಪ, ಅತ್ತ ಮಗಳು. ನಡುವೆ, ಇಬ್ಬರಿಗೂ ಬೇರೆ ಬೇರೆ ಉತ್ತರ ಕೊಟ್ಟು ಮಲಗಿದ ಒಬ್ಬ ಹೆಣ್ಣುಮಗಳು. ನೋವು ತಾಳಲಾರದೆ, ಬೈಗುಳಕ್ಕೆ ಅಂಜಿ ಹೇಳಿದ ಸಣ್ಣ ಸುಳ್ಳೇ ಅದು? ಅಥವಾ ಭೇದಿ ಹಿಡಿದ ಮೇಲೂ ಮಾತ್ರೆಯ ಹಾಳೆಗಳನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡು ನುಂಗುತ್ತಲೇ ಇದ್ದವಳಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿದಿತ್ತೇ? ಮನೆಯ ಡಬ್ಬಿಯಲ್ಲಿ ಇರಬೇಕಾಗಿದ್ದ ಮಾತ್ರೆ, ಮಂಚದಿಂದ ಏಳಲಾರದವಳ ಬಳಿಗೆ ಅಷ್ಟೊಂದು ಬಂದದ್ದು ಯಾರ ಕೈಯಿಂದ?

ನರ್ಸ್ ಮೇಜಿನವರೆಗೆ ಬಂದಳು. ಗೂಡನ್ನು ಮುಟ್ಟಲಿಲ್ಲ. ಅಪ್ಪನ ಮುಂದೆ ಮಂಡಿಯೂರಿ, ಊದಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಮತ್ತೆ ಸ್ಟೂಲಿನ ಮೇಲಿಟ್ಟಳು.

"ಅಮ್ಮ ನಿನ್ನ ಹತ್ರ ಏನಂದ್ಲು ಅಪ್ಪ? ಅವಳು ಹೇಗಂದ್ಲೋ ಹಾಗೇ, ಒಂದು ಮಾತೂ ಬಿಡದೆ," ಎಂದಳು. "ಇನ್ನೊಂದ್ಸಲ ಹೇಳು."